ಸ್ವಾಲ್ಬಾರ್ಡ್ ಫೀಲ್ಡ್ ಕೋರ್ಸ್‌ಗೆ ಹೋಗ್ಲಾ ಬೇಡ್ವಾ? ಗೊತ್ತಿರೋರು ಹೇಳಿ

ಸಾಗರದ_ಹುಡುಗಿ:
ಎಲ್ರಿಗೂ ನಮಸ್ಕಾರ. ನಾನು ನಾರ್ವೆಯ ಬರ್ಗೆನ್‌ನಲ್ಲಿ ಜಿಯಾಲಜಿ ಮಾಸ್ಟರ್ಸ್ ಮಾಡ್ತಿದೀನಿ, ನಾರ್ವೆಗೇ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಯರ್‌ಬೀನ್ ಊರಲ್ಲಿರೋ ಯೂನಿಸ್‌ನಲ್ಲಿ (ಅಲ್ಲಿನ ಯೂನಿವರ್ಸಿಟಿ ಸೆಂಟರ್) ಫೆಬ್ರವರಿ-ಮಾರ್ಚ್‌ಗೆ ಒಂದು ಫೀಲ್ಡ್ ಕೋರ್ಸ್ ಸಿಕ್ಕಿದೆ. ಊರು 78 ಡಿಗ್ರಿ ಉತ್ತರದಲ್ಲಿದೆ, ಅಲ್ಲಿಂದ ಧ್ರುವಕ್ಕೆ ಸುಮಾರು 1300 ಕಿಮೀ ಅಷ್ಟೆ. ಅಮ್ಮಂಗೆ ಹಿಮಕರಡಿ ಚಿಂತೆ, ಅಪ್ಪಂಗೆ ದುಡ್ಡಿಂದು, ನಂಗೆ ಊಟದ್ದು (ವೆಜ್ಜು). ಬಟ್ಟೆಗೆ ತುಂಬಾ ಖರ್ಚಾಗುತ್ತಾ? ಇನ್ನೊಂದು, ಮೈಸೂರಲ್ಲಿ ಎಂಎಸ್ಸಿ ಮಾಡ್ತಿರೋ ಫ್ರೆಂಡೂ ಆಗ ಬರ್ತೀನಿ ಅಂತಿದಾಳೆ, ಅಲ್ಲಿಗೆ ವೀಸಾನೇ ಬೇಡ್ವಂತೆ, ನಿಜನಾ?

ಹಳೇ_ಯೂನಿಸ್:
ಕಣ್ಮುಚ್ಕೊಂಡು ಹೋಗಮ್ಮ. ಬಟ್ಟೆಗೆ ಈಗ್ಲೇ ದುಡ್ಡು ಸುರೀಬೇಡ, ಫೀಲ್ಡ್‌ಗೆ ಬೇಕಾದ ಸ್ನೋಸ್ಕೂಟರ್ ಸೂಟು, ಹೆಲ್ಮೆಟ್ಟು ಎಲ್ಲಾ ಯೂನಿಸ್‌ನವ್ರೇ ಕೊಡ್ತಾರೆ. ಒಳಗೆ ಹಾಕೋ ಉಲ್ಲನ್ನು, ಒಳ್ಳೇ ಗ್ಲೌಸು ನೀನು ತಗೋ. ಕಾಟನ್ ಮಾತ್ರ ಬೇಡ, ಬೆವರು ಹೀರ್ಕೊಂಡು ಮೈಗೆ ಅಂಟ್ಕೊಳತ್ತೆ, ಸ್ಕೂಟರ್ ಏರಿ ಗಾಳಿ ಹೊಡೆದ ತಕ್ಷಣ ಗಡಗಡ ನಡುಕ.

ಕರಡಿ ವಿಷ್ಯ ಅಮ್ಮಂಗೆ ಹೇಳು, ಶುರುವಲ್ಲೇ ಸೇಫ್ಟಿ ಟ್ರೇನಿಂಗ್ ಇರತ್ತೆ, ರೈಫಲ್ ಹೊಡೆಯೋದು, ಫ್ಲೇರ್ ಗನ್ನು, ಹಿಮದಲ್ಲಿ ಹೂತೋದವ್ರನ್ನ ಹುಡುಕೋದು. ಕರಡಿ ಬೆದರಿಸೋ ಸಾಮಾನಿಲ್ದೆ ಊರು ದಾಟಂಗಿಲ್ಲ, ಕಾನೂನೇ ಹಂಗಿದೆ. ನನ್ನ ಕೇಳಿದ್ರೆ ಹೆದರ್ಬೇಕಾಗಿರೋದು ಹಿಮಕುಸಿತಕ್ಕೆ, 2015ರ ಡಿಸೆಂಬರ್‌ನಲ್ಲಿ ಊರೊಳಗಿನ ಮನೆಗಳ ಮೇಲೇ ಬಿದ್ದು ಇಬ್ರು ಹೋದ್ರು (ಇದನ್ನ ಅಮ್ಮಂಗೆ ಹೇಳ್ಬೇಡ).

ಮಾರ್ಚ್ 8ರ ಹೊತ್ತಿಗೆ ಅಲ್ಲೇ ಇರು. ಎಷ್ಟೋ ತಿಂಗಳಾದ್ಮೇಲೆ ಬಿಸಿಲು ಹಳೇ ಆಸ್ಪತ್ರೆ ಮೆಟ್ಟಿಲ ಮೇಲೆ ಬೀಳೋದನ್ನ ನೋಡೋಕೆ ಊರಿಗೂರೇ ಸೇರತ್ತೆ.

ಪಾಸ್‌ಪೋರ್ಟ್_ಪುಟ್ಟಣ್ಣ:
ವೀಸಾ ಬೇಡ ಅನ್ನೋದು ಅರ್ಧ ನಿಜ. 1920ರ ಒಪ್ಪಂದದ ಪ್ರಕಾರ ಸ್ವಾಲ್ಬಾರ್ಡ್‌ಗೆ ಬೇಡ, ಆದ್ರೆ ಅದು ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡೋ ಯುರೋಪ್ ದೇಶಗಳ ಗುಂಪು, ನಾರ್ವೆನೂ ಅದ್ರಲ್ಲಿದೆ) ಹೊರಗಿದೆ, ವಿಮಾನ ಹೋಗೋದು ನಾರ್ವೆಯ ಓಸ್ಲೋ ಟ್ರಾಮ್ಸೋ ಮೇಲೇನೇ. ನಿಮ್ ಫ್ರೆಂಡು ಸಿಂಗಲ್ ಎಂಟ್ರಿ (ಒಂದೇ ಸಲ ಒಳಗೆ ಬಿಡೋ) ಶೆಂಗೆನ್ ವೀಸಾ ತಗೊಂಡು ಅಲ್ಲಿಗೆ ಹೋದ್ರೆ ಎಂಟ್ರಿ ಮುಗೀತು, ವಾಪಸ್ ನಾರ್ವೆಗೆ ಕಾಲಿಡೋದು ಹೆಂಗೆ? ಡಬಲ್ ಇಲ್ಲಾ ಮಲ್ಟಿಪಲ್ ಎಂಟ್ರಿನೇ ಹಾಕ್ಲಿ. ನಿಮ್ಗೆ ನಾರ್ವೆ ಪರ್ಮಿಟ್ ಇದ್ಯಲ್ಲ, ತೊಂದ್ರೆ ಇಲ್ಲ, ಪಾಸ್‌ಪೋರ್ಟ್ ಮರೀಬೇಡಿ.

ರೇಡಿಯೋ_ರಂಗ:
ಫ್ರೆಂಡ್‌ಗೆ ರಿಸರ್ಚ್ ಆಸೆ ಇದ್ರೆ ಇನ್ನೊಂದು ದಾರಿ ಇದೆ. ಸ್ವಾಲ್ಬಾರ್ಡ್‌ನಲ್ಲೇ ನ್ಯೂ ಓಲೆಸುಂಡ್ ಅನ್ನೋ ಊರಲ್ಲಿ 2008ರಿಂದ ನಮ್ಮ ದೇಶದ ಹಿಮಾದ್ರಿ ರಿಸರ್ಚ್ ಸ್ಟೇಷನ್ ಇದೆ, ಗೋವಾದ ಧ್ರುವ ಸಂಶೋಧನಾ ಸಂಸ್ಥೆ ಎನ್‌ಸಿಪಿಒಆರ್ ನಡೆಸೋದು. ಟೂರ್ ಥರ ಹೋಗೋಕಾಗಲ್ಲ, ಪ್ರಪೋಸಲ್ ಕರೀತಾರೆ, ರಿಸರ್ಚ್ ಗೈಡ್ ಮೂಲಕ ಹಾಕ್ಬೇಕು. 2023ರ ಡಿಸೆಂಬರ್‌ನಲ್ಲಿ ಹೋದ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವ್ರೂ ಇದ್ರು, ಅಲ್ಲಿ ಬೇರೆ ಸಿಗ್ನಲ್‌ಗಳ ರೇಡಿಯೋ ಗದ್ದಲ ಎಷ್ಟಿದೆ ಅಂತ ಅಳೆಯೋಕೆ.

ಸಾಗರದ_ಹುಡುಗಿ:
ಥ್ಯಾಂಕ್ಸ್ ಎಲ್ರಿಗೂ, ಫ್ರೆಂಡ್‌ಗೆ ಕಳಿಸ್ದೆ. ಊಟದ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ?

ಹಳೇ_ಯೂನಿಸ್:
ಸೂಪರ್‌ಮಾರ್ಕೆಟ್ ಇದೆ, ಬೇಳೆ ಅಕ್ಕಿ ಪಾಸ್ತಾಗೆ ಬರ ಇಲ್ಲ. ತರಕಾರಿ ಎಲ್ಲಾ ಹೊರಗಿಂದ ಬರ್ಬೇಕು, ಅದಕ್ಕೇ ರೇಟು ಜಾಸ್ತಿ. ಹುಳಿಪುಡಿ ಚಟ್ನಿಪುಡಿ ತಗೊಂಡ್ಹೋಗು. ಮತ್ತೆ ಇನ್ಶೂರೆನ್ಸ್‌ನಲ್ಲಿ ರೆಸ್ಕ್ಯೂ ಕವರ್ ಇದ್ಯಾ ನೋಡ್ಕೊ, ಅಲ್ಲಿರೋದು ಚಿಕ್ಕ ಆಸ್ಪತ್ರೆ, ಸೀರಿಯಸ್ ಆದ್ರೆ ಟ್ರಾಮ್ಸೋಗೆ ವಿಮಾನದಲ್ಲೇ ಹೊತ್ಕೊಂಡ್ಹೋಗ್ತಾರೆ.