ಸಹಾಯ ಬೇಕು: ಹಳೆಯ ಹ್ಯಾಮ್ ರೇಡಿಯೊದ ಫ್ಯಾನ್ ಗರಗರ ಎನ್ನುತ್ತಿದೆ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ಹಿರಿಯ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ) ಒಬ್ಬರಿಂದ 100 ವಾಟ್‌ನ ಎಚ್‌ಎಫ್ ಟ್ರಾನ್ಸೀವರ್ (ಶಾರ್ಟ್‌ವೇವ್‌ನಲ್ಲಿ ಮಾತು ಕಳಿಸಲೂ ಕೇಳಲೂ ಆಗುವ ಸೆಟ್) ಕೊಂಡೆ. ಅವರು ಜತನದಿಂದ ಇಟ್ಟುಕೊಂಡಿದ್ದ ಸೆಟ್. ರಿಸೀವರ್ ಈಗಲೂ ಬಹಳ ಚೆನ್ನಾಗಿದೆ. ತೊಂದರೆ ಇರುವುದು ಹಿಂಬದಿಯ ಫ್ಯಾನಿನಲ್ಲಿ. ಮೈಕ್ ಬಟನ್ ಒತ್ತಿದ ಕೂಡಲೇ ಗರಗರ ಶುರುವಾಗುತ್ತದೆ. ಬೆಳಿಗ್ಗೆ 40 ಮೀಟರ್ ತರಂಗಾಂತರದ ಬ್ಯಾಂಡ್‌ನಲ್ಲಿ ಮಾತನಾಡುವಾಗ ಆಚೆಯವರಿಗೂ ಅದು ಕೇಳಿಸುತ್ತಿದೆಯಂತೆ.

ಬಿಚ್ಚಿ ನೋಡಿದೆ. 60 ಮಿ.ಮೀ. ಚೌಕದ, 12 ವೋಲ್ಟ್‌ನ, ಎರಡು ತಂತಿಯ ಫ್ಯಾನ್. ರೆಕ್ಕೆಗಳಿಗೆ ಮೆತ್ತಿದ್ದ ಧೂಳನ್ನು ಬ್ರಶ್‌ನಿಂದ ತೆಗೆದೆ. ಹಿಂದಿನ ಸ್ಟಿಕ್ಕರ್ ಎಬ್ಬಿಸಿದರೆ ಬುಶ್ (ಫ್ಯಾನಿನ ಅಕ್ಷ ತಿರುಗುವ ಕೊಳವೆ) ಒಳಗಿನ ಎಣ್ಣೆ ಒಣಗಿ ಕಂದು ಅಂಟಾಗಿತ್ತು. ಅದನ್ನು ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟೆ. ಎರಡು ವಾರ ತಣ್ಣಗಿತ್ತು, ಮತ್ತೆ ಅದೇ ಸದ್ದು. ಬೆರಳಿನಿಂದ ಅಲ್ಲಾಡಿಸಿದರೆ ರೆಕ್ಕೆ ಅತ್ತಿತ್ತ ಆಡುತ್ತದೆ. ಬುಶ್ ಸವೆದಿದೆ ಎಂದೇ ನನ್ನ ಅಂದಾಜು.

ಬಾಲ್ ಬೇರಿಂಗ್ ಇರುವ ಹೊಸ ಫ್ಯಾನ್ ಹಾಕಬೇಕೆಂದಿದ್ದೇನೆ. ಆದರೆ ಸದ್ದು ಕಡಿಮೆ ಇರುವ ಫ್ಯಾನ್‌ಗಳು ಸಾಮಾನ್ಯವಾಗಿ ಬೀಸುವ ಗಾಳಿಯೂ ಕಡಿಮೆ. ಗಾಳಿ ಸಾಲದೆ ಫೈನಲ್ ಟ್ರಾನ್ಸಿಸ್ಟರ್‌ಗಳು (ಆಂಟೆನಾಗೆ ಹೋಗುವ ಶಕ್ತಿ ಕೊಡುವ ಕೊನೆಯ ಹಂತದವು) ಸುಟ್ಟರೆ ಈ ಸೆಟ್‌ಗೆ ಅವು ಮತ್ತೆ ಸಿಗುವುದು ಕಷ್ಟ, ಅದೇ ನನ್ನ ಭಯ. ನಿಧಾನ ವೇಗದಲ್ಲಿ ಫ್ಯಾನಿಗೆ 7 ವೋಲ್ಟ್ ಮಾತ್ರ ಬರುತ್ತಿದೆ, ಮೀಟರ್ ಇಟ್ಟು ಅಳೆದಿದ್ದೇನೆ. ಅಷ್ಟಕ್ಕೆ ಹೊಸದು ತಿರುಗಲು ಶುರುಮಾಡೀತೇ? ಫ್ಯಾನಿನ ತಂತಿಯಿಂದ ರಿಸೀವರ್‌ಗೆ ಕರ್ಕಶ ಸದ್ದು ನುಗ್ಗದಂತೆ ಆ ತಂತಿಯನ್ನು ಫೆರೈಟ್ ರಿಂಗಿಗೆ (ಇಂಥ ಅಡಚಣೆ ತಡೆಯುವ ಕಾಂತೀಯ ಉಂಗುರ) ನಾಲ್ಕು ಸುತ್ತು ಹಾಕಿದರೆ ಸಾಕೇ?

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇಂಥ ಫ್ಯಾನ್ ಕೊಂಡವರು ಲೇಬಲ್ ಮೇಲೆ ಎಷ್ಟು ಆಂಪಿಯರ್ ನೋಡಿ ತೆಗೆದುಕೊಂಡಿರಿ, ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ 20 ವಾಟ್‌ಗೆ ಇಳಿಸಿಕೊಂಡು ಮಾತನಾಡುತ್ತಿದ್ದೇನೆ.