ಕಷ್ಟ ಬಂದ ಕೂಡಲೇ ಮೊದಲು ದೇವರ ಹತ್ತಿರ ಹೋಗುವುದು ಹೇಗೆ? ಪಾಸ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ಸಹೋದರಿ):

ಅಯ್ಯನವರಿಗೆ ವಂದನೆಗಳು. ನನ್ನದು ದೊಡ್ಡ ಕಷ್ಟ ಏನಲ್ಲ, ಆದರೆ ದಿನಾ ಕಾಡುತ್ತದೆ. ಮನೆಯಲ್ಲಿ ಏನೇ ತೊಂದರೆ ಬರಲಿ, ನನ್ನ ಕೈ ಮೊದಲು ಫೋನಿಗೆ ಹೋಗುತ್ತದೆ. ಅಕ್ಕನಿಗೆ ಹೇಳುತ್ತೇನೆ, ಗೆಳತಿಗೆ ಹೇಳುತ್ತೇನೆ, ಆಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕುತ್ತೇನೆ. ಎಲ್ಲಾ ಮುಗಿದು ರಾತ್ರಿ ಮಲಗುವಾಗ "ಅಯ್ಯೋ, ಪ್ರಾರ್ಥನೆನೇ ಮಾಡಲಿಲ್ಲವಲ್ಲ" ಅಂತ ನೆನಪಾಗುತ್ತದೆ. ಹೋದ ವಾರ ಮಗನಿಗೆ ಜ್ವರ ಬಂದಾಗಲೂ ಹೀಗೇ ಆಯಿತು. ಇನ್ನೊಂದು ಅನುಮಾನ. ಸಣ್ಣಪುಟ್ಟದ್ದನ್ನೆಲ್ಲ ದೇವರ ಹತ್ತಿರ ತರಬೇಕಾ? ಮತ್ತೆ, ಡಾಕ್ಟರ ಹತ್ತಿರ ಹೋಗೋದು ಬಿಟ್ಟು ಮೊದಲು ಪ್ರಾರ್ಥನೆ ಅಂತ ಕೂತರೆ ಅದು ತಪ್ಪಲ್ವಾ?

ಉತ್ತರ (ಪಾಸ್ಟರ್):

ಪ್ರೀತಿಯ ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದಕ್ಕೆ ಕಾಯುವಷ್ಟು ಹೊತ್ತಿಲ್ಲ. ಮಗು ಜ್ವರದಿಂದ ನರಳುತ್ತಿದ್ದರೆ ಡಾಕ್ಟರ ಹತ್ತಿರ ಹೊರಡಿ. ಚಪ್ಪಲಿ ಹಾಕಿಕೊಳ್ಳುತ್ತಾ ಪ್ರಾರ್ಥಿಸಿ. ದೇವರಿಗೆ ಮೊದಲ ಜಾಗ ಕೊಡುವುದು ಅಂದರೆ ಡಾಕ್ಟರನ್ನು ಕಾಯಿಸುವುದು ಅಲ್ಲ. ಪ್ರಾರ್ಥನೆಯ ಹೆಸರಲ್ಲಿ ಚಿಕಿತ್ಸೆ ತಡವಾಗಿ ನೊಂದ ಮನೆಯವರ ಜೊತೆ ನಾನು ಕೂತಿದ್ದೇನೆ. ಅದಕ್ಕೇ ಇದನ್ನು ಮೊದಲು ಹೇಳಿದೆ.

ಈ ವಿಷಯದಲ್ಲಿ ಜನ ಸಾಮಾನ್ಯವಾಗಿ ಬೈಬಲಿನಲ್ಲಿ ಬರುವ ಆಸ ಎಂಬ ಯೆಹೂದದ ಅರಸನ ಮಾತು ಎತ್ತುತ್ತಾರೆ. 2 ಪೂರ್ವಕಾಲವೃತ್ತಾಂತ 16ರಲ್ಲಿ ಇದೆ. ಅವನ ಆಳ್ವಿಕೆಯ 39ನೇ ವರ್ಷದಲ್ಲಿ ಕಾಲಿಗೆ ರೋಗ ಬಂತು, ಬಹಳ ಜೋರಾಯಿತು. ಆದರೂ ಅವನು ಯೆಹೋವನನ್ನು ಹುಡುಕಲಿಲ್ಲ, ವೈದ್ಯರನ್ನು ಮಾತ್ರ ಹುಡುಕಿದ. ಇದನ್ನು ಓದಿ "ನೋಡಿ, ವೈದ್ಯರ ಹತ್ತಿರ ಹೋಗಿದ್ದೇ ತಪ್ಪು" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ವಲ್ಪ ಹಿಂದಿನ ಅಧ್ಯಾಯಗಳನ್ನೂ ಓದಿ. ಇದೇ ಆಸ ಮೊದಲು ದೊಡ್ಡ ಸೈನ್ಯ ಎದುರಾದಾಗ ದೇವರಿಗೆ ಮೊರೆಯಿಟ್ಟವನು. ಮುಂದೆ ಇನ್ನೊಂದು ಇಕ್ಕಟ್ಟು ಬಂದಾಗ ದೇವಾಲಯದ ಬೆಳ್ಳಿ ಬಂಗಾರ ತೆಗೆದು ಅರಾಮ್ಯರ ಅರಸನಿಗೆ ಕಳಿಸಿ ಸಹಾಯ ಪಡೆದ. ಅದು ಕೆಲಸಕ್ಕೂ ಬಂತು! ಅಪಾಯ ಇರುವುದು ಅಲ್ಲೇ. ದೇವರನ್ನು ಕೇಳದೆಯೂ ಕೆಲಸ ನಡೆಯುತ್ತದೆ ಅಂತ ಒಂದು ಸಲ ಅನ್ನಿಸಿದರೆ ಅದೇ ರೂಢಿಯಾಗುತ್ತದೆ. ಕಾಲು ನೋಯುವ ಹೊತ್ತಿಗೆ ಆಸನಿಗೆ ದೇವರ ಹತ್ತಿರ ಹೋಗುವ ದಾರಿಯೇ ಮರೆತುಹೋಗಿತ್ತು.

ಈಗ ಯೆಹೂದದ ಇನ್ನೊಬ್ಬ ಅರಸ ಹಿಜ್ಕೀಯನನ್ನು ನೋಡಿ. ಅವನಿಗೂ ಸಾಯುವಂಥ ರೋಗ ಬಂತು. ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಾ ಪ್ರಾರ್ಥಿಸಿದ. ದೇವರು ಇನ್ನೂ 15 ವರ್ಷ ಕೊಡುತ್ತೇನೆ ಅಂದರು. ಆ ಮಾತು ತಂದ ಪ್ರವಾದಿ ಯೆಶಾಯನೇ "ಅಂಜೂರದ ಮುದ್ದೆ ತನ್ನಿ" ಅಂತಲೂ ಹೇಳಿದ. ಅದನ್ನು ಹುಣ್ಣಿನ ಮೇಲೆ ಇಟ್ಟರು, ವಾಸಿಯಾಯಿತು. ಪ್ರಾರ್ಥನೆಯೂ ಔಷಧಿಯೂ ಒಂದೇ ಕೋಣೆಯಲ್ಲಿ, ಒಂದೇ ದೇವರಿಂದ.

ಹಿಜ್ಕೀಯನ ಬಗ್ಗೆ ನಿಮಗೆ ಸಮಾಧಾನ ಕೊಡುವ ಇನ್ನೊಂದು ಮಾತಿದೆ. ಅಶ್ಶೂರದ ಅರಸ ಸನ್ಹೇರೀಬ ಅವನ ಪಟ್ಟಣಗಳನ್ನು ಹಿಡಿದಾಗ ಹಿಜ್ಕೀಯ ಮೊದಲು ಏನು ಮಾಡಿದ ಗೊತ್ತಾ? "ನನ್ನದು ತಪ್ಪಾಯಿತು" ಅಂತ ಹೇಳಿ ಕಳಿಸಿ, 300 ತಲಾಂತು (ಆ ಕಾಲದ ದೊಡ್ಡ ತೂಕ) ಬೆಳ್ಳಿ, 30 ತಲಾಂತು ಬಂಗಾರ ಕೊಟ್ಟ. ಸಾಲದ್ದಕ್ಕೆ ದೇವಾಲಯದ ಬಾಗಿಲಿಗೆ ಹೊದಿಸಿದ್ದ ಬಂಗಾರವನ್ನೂ ಕಿತ್ತ. ಆದರೂ ಸೈನ್ಯ ಬಂದೇ ಬಂತು. ಆಮೇಲೆ ದುಃಖದ ಗುರುತಾಗಿ ಗೋಣಿತಟ್ಟು ಕಟ್ಟಿಕೊಂಡು ದೇವಾಲಯಕ್ಕೆ ಹೋದ. ಅದೂ ಆದ ಮೇಲೆ ಬೆದರಿಕೆ ಪತ್ರ ಬಂತು. ಆಗ ಮಾತ್ರ ಅವನು ಪತ್ರ ಓದಿದ, ನೇರ ದೇವಾಲಯಕ್ಕೆ ಹೋದ, ಅದನ್ನು ಯೆಹೋವನ ಮುಂದೆ ಬಿಚ್ಚಿ ಹರಡಿದ. ಅಂದರೆ ಅವನು ಕೂಡ ಹಂತ ಹಂತವಾಗಿ ಕಲಿತವನೇ. ನೀವು ರಾತ್ರಿ ನೆನಪಿಸಿಕೊಳ್ಳುತ್ತೀರಲ್ಲ, ಅದನ್ನು ಸೋಲು ಅಂದುಕೊಳ್ಳಬೇಡಿ. ಆಗಲೇ ಪ್ರಾರ್ಥಿಸಿ. ದೇವರು "ಇಷ್ಟು ಹೊತ್ತು ಎಲ್ಲಿದ್ದೆ" ಅಂತ ಬಾಗಿಲು ಹಾಕುವವರಲ್ಲ.

ಆ ಪತ್ರದ ಮಾತು ನನಗೆ ಅರ್ಥವಾದದ್ದು ನನ್ನ ಮನೆಯಲ್ಲೇ. ಕೆಲವು ವರ್ಷಗಳ ಹಿಂದೆ, ಒಂದು ತಿಂಗಳಲ್ಲಿ ಬಾಡಿಗೆ ಮನೆ ಖಾಲಿ ಮಾಡಿ ಅಂತ ನಮಗೆ ಕಾಗದ ಬಂತು. ಮಕ್ಕಳ ಪರೀಕ್ಷೆ ಹತ್ತಿರ ಇತ್ತು. ನಾನು ಕಾಗದ ಜೇಬಿನಲ್ಲಿಟ್ಟುಕೊಂಡು ಬೆಳಗ್ಗೆಯಿಂದ ಸಂಜೆವರೆಗೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಒಬ್ಬರ ಹತ್ತಿರ ಸಿಟ್ಟಿನಿಂದ ಮಾತಾಡಿದೆ, ಆಮೇಲೆ ಅವರಲ್ಲಿ ಕ್ಷಮೆ ಕೇಳಬೇಕಾಯಿತು. ರಾತ್ರಿ ನನ್ನ ಹೆಂಡತಿ "ಆ ಕಾಗದ ಕೊಡಿ" ಅಂದಳು. ಬೆವರಿಗೆ ಅದರ ಮಡಿಕೆಗಳು ಅಂಟಿಕೊಂಡಿದ್ದವು. ಹರಿಯದ ಹಾಗೆ ನಿಧಾನ ಬಿಡಿಸಿ ಮಂಚದ ಮೇಲೆ ಹರಡಿ, ಅಂಗೈಯಿಂದ ಸಮ ಮಾಡಿದಳು. ಮಂಡಿಯೂರಿ, ತಾರೀಖಿನ ಸಮೇತ ಜೋರಾಗಿ ಓದಿದಳು, ಯಾರೋ ಎದುರಿಗೆ ಕೂತು ಕೇಳುತ್ತಿದ್ದಾರೆ ಅನ್ನೋ ಹಾಗೆ. ಕೊನೆಗೆ "ಕರ್ತನೇ, ಇದು ನಿಮಗೆ ಬಂದ ಪತ್ರ" ಅಂದಳು. ಅಷ್ಟೇ ಪ್ರಾರ್ಥನೆ.

ಮನೆ ಉಳಿಯಲಿಲ್ಲ. ನಾವು ಚಿಕ್ಕ ಮನೆಗೆ ಹೋದೆವು. ಆದರೆ ಮರುದಿನದಿಂದ ನಾನು ಫೋನ್ ಮಾಡಿದ ರೀತಿ ಬೇರೆಯಾಗಿತ್ತು. ಜನರನ್ನು ಸಹಾಯ ಕೇಳಿದೆ, ಅವರನ್ನು ದೇವರ ಜಾಗದಲ್ಲಿ ಕೂರಿಸಲಿಲ್ಲ. ಇಲ್ಲ ಅಂದವರ ಮೇಲೆ ಕೋಪವೂ ಬರಲಿಲ್ಲ. ಅದಕ್ಕೇ ಹೇಳುತ್ತೇನೆ, ಅಕ್ಕನಿಗೆ ಫೋನ್ ಮಾಡುವುದನ್ನು ಬಿಡಬೇಡಿ. ಅಕ್ಕ ದೇವರು ಕೊಟ್ಟ ಸಹಾಯವೇ. ಆದರೆ ದೇವರಿಗೆ ಹೇಳಿ ಬಂದವರು ಅಕ್ಕನ ಹತ್ತಿರ ಮಾತಾಡುವುದೇ ಬೇರೆ ಥರ ಇರುತ್ತದೆ.

ಸಣ್ಣಪುಟ್ಟದ್ದು ಅಂದಿರಿ. 2 ಅರಸುಗಳು 6ರಲ್ಲಿ ಒಬ್ಬನ ಕೊಡಲಿಯ ತಲೆ ನೀರಿಗೆ ಬೀಳುತ್ತದೆ. ಅವನು ಕೂಗಿಕೊಂಡದ್ದು ಯಾಕೆ ಅಂದರೆ ಅದು ಬೇರೆಯವರಿಂದ ಕೇಳಿ ತಂದದ್ದು. ಎಷ್ಟು ಸಾಮಾನ್ಯವಾದ ಚಿಂತೆ ನೋಡಿ! ಅದಕ್ಕೂ ದೇವರು ಪ್ರವಾದಿ ಎಲೀಷನ ಮೂಲಕ ಉತ್ತರ ಕೊಟ್ಟರು, ಕಬ್ಬಿಣ ತೇಲಿತು. ನಮ್ಮ ದಿನ ತುಂಬಿರುವುದೇ ಇಂಥ ಚಿಂತೆಗಳಿಂದ. ಅವನ್ನು ಬಿಟ್ಟು ದೊಡ್ಡದನ್ನು ಮಾತ್ರ ತರುತ್ತೇವೆ ಅಂದರೆ, ವರ್ಷಕ್ಕೆ ಎರಡು ಸಲ ದೇವರ ಜೊತೆ ಮಾತಾಡಿದ ಹಾಗಾಗುತ್ತದೆ.

ಹೇಗೆ ಶುರು ಮಾಡೋದು? ಫೋನ್ ಕೈಗೆ ತಗೊಂಡಾಗಲೇ, ನಂಬರ್ ಒತ್ತುವ ಮೊದಲು ಒಂದೇ ವಾಕ್ಯ ಹೇಳಿ: "ತಂದೆಯೇ, ಹೀಗಾಗಿದೆ, ಜೊತೆಗಿರಿ." ಅಷ್ಟು ಸಾಕು. ನೆಹೆಮೀಯ 2:4 ಓದಿ. ನೆಹೆಮೀಯ ಪರ್ಷಿಯಾದ ಅರಸನಿಗೆ ದ್ರಾಕ್ಷಾರಸ ಕೊಡುತ್ತಿದ್ದ ಯೆಹೂದ್ಯ. ಅರಸ "ನಿನಗೇನು ಬೇಕು" ಅಂತ ಕೇಳುತ್ತಾನೆ. ನೆಹೆಮೀಯ ಹೆದರಿದ್ದಾನೆ. ಪರಲೋಕದ ದೇವರಿಗೆ ಪ್ರಾರ್ಥಿಸಿ, ಅರಸನಿಗೆ ಉತ್ತರ ಕೊಡುತ್ತಾನೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಇದ್ದೀತು? ಒಂದು ಉಸಿರು.

ಪ್ರಶ್ನೆ (ಒಬ್ಬ ಸಹೋದರ):

ಪಾಸ್ಟರ್, ನಾನು ಮೊದಲು ಪ್ರಾರ್ಥನೆ ಮಾಡುವವನೇ. ಕೆಲಸ ಹೋಗಿ 8 ತಿಂಗಳಾಯಿತು. ದಿನಾ ಬೆಳಗ್ಗೆ ಪ್ರಾರ್ಥಿಸಿಯೇ ಅರ್ಜಿ ಹಾಕುತ್ತೇನೆ. ಏನೂ ಆಗಿಲ್ಲ. ಇನ್ನು ಏನಂತ ಕೇಳಲಿ?

ಉತ್ತರ (ಪಾಸ್ಟರ್):

ಬ್ರದರ್, ನಿಮಗೆ ಬೇಗ ಬೇಗ ಒಂದು ವಚನ ಹೇಳಿ ಕಳಿಸಲು ನನಗೆ ಮನಸ್ಸಿಲ್ಲ. 8 ತಿಂಗಳು ಬಹಳ ದಿನ.

"ಏನಂತ ಕೇಳಲಿ" ಅಂದಿರಲ್ಲ, ಅದನ್ನೇ ಕೇಳಿ. 13ನೇ ಕೀರ್ತನೆಯ ಮೊದಲ 2 ವಚನಗಳಲ್ಲೇ ದಾವೀದ ನಾಲ್ಕು ಸಲ "ಇನ್ನೆಷ್ಟು ದಿನ" ಅಂತ ಕೇಳುತ್ತಾನೆ. ಬೇಸರವನ್ನು ದೇವರ ಮುಂದೆಯೇ ಹೇಳಿದ್ದಾನೆ, ದೇವರ ಬೆನ್ನ ಹಿಂದೆ ಅಲ್ಲ. ಪೌಲ ತನ್ನ ಶರೀರದ ಮುಳ್ಳು, ಅಂದರೆ ಬಿಡದೆ ಕಾಡಿದ ಒಂದು ಬಾಧೆ, ಹೋಗಲಿ ಅಂತ ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ಗೆತ್ಸೆಮನೆಯಲ್ಲಿ ಯೇಸುವೇ ಅದೇ ಮಾತನ್ನು ಮೂರು ಸಲ ಪ್ರಾರ್ಥಿಸಿದರು. ಉತ್ತರ ಬರಲಿಲ್ಲ ಅಂದರೆ ನಿಮ್ಮ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳಿದರೆ, ದಯವಿಟ್ಟು ಅದನ್ನು ಮನಸ್ಸಿಗೆ ಹಾಕಿಕೊಳ್ಳಬೇಡಿ.

ಮತ್ತೆ ನೆಹೆಮೀಯನ ಮಾತು. ಅವನು ಕಿಸ್ಲೇವ್ ತಿಂಗಳಲ್ಲಿ ಯೆರೂಸಲೇಮಿನ ಗೋಡೆ ಬಿದ್ದಿದೆ ಅನ್ನುವ ಸುದ್ದಿ ಕೇಳಿ ಅತ್ತ, ಉಪವಾಸ ಮಾಡಿದ. ಅರಸ ಕೇಳಿದ್ದು ನೈಸಾನ್ ತಿಂಗಳಲ್ಲಿ, ಸುಮಾರು 4 ತಿಂಗಳ ಮೇಲೆ. ಆಗ ಅವನ ಬಾಯಲ್ಲಿ ಎಲ್ಲ ಸಿದ್ಧ ಇತ್ತು: ಎಷ್ಟು ದಿನ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರ ಯಾರಿಂದ ಪಡೆಯಬೇಕು. ಕಾದ ತಿಂಗಳುಗಳಲ್ಲಿ ಅವನು ಸುಮ್ನೆ ಕೂತಿರಲಿಲ್ಲ ಅಂತ ನನಗನ್ನಿಸುತ್ತದೆ. ನೀವೂ ಸುಮ್ನೆ ಕೂತಿಲ್ಲ. ಒಂದು ಮಾತ್ರ ಕೇಳುತ್ತೇನೆ. ಸಭೆಯಲ್ಲಿ ಯಾರಿಗಾದರೂ ಹೇಳಿದ್ದೀರಾ? ದೇವರಿಗೆ ಹೇಳಿದ ಮೇಲೆ ಜನರಿಗೆ ಹೇಳುವುದು ಅವಿಶ್ವಾಸ ಅಲ್ಲ. ಎಷ್ಟೋ ಸಲ ಉತ್ತರ ಬರುವುದು ಪಕ್ಕದ ಬೆಂಚಿನಿಂದ. ನನಗೆ ಪ್ರತ್ಯೇಕವಾಗಿ ಬರೆಯಿರಿ, ನಿಮ್ಮ ಅರ್ಜಿಯನ್ನು ನಾವು ಇಬ್ಬರೂ ಕೂತು ನೋಡೋಣ.

ಪ್ರಶ್ನೆ (ಇನ್ನೊಬ್ಬ ಸಹೋದರಿ):

ಗಾಬರಿಯಾದಾಗ ನನಗೆ ಮಾತೇ ಬರುವುದಿಲ್ಲ. ಬರೀ ಅಳು. ಅದು ಪ್ರಾರ್ಥನೆ ಆಗುತ್ತಾ?

ಉತ್ತರ (ಪಾಸ್ಟರ್):

ಆಗುತ್ತದೆ ಸಿಸ್ಟರ್. ಮಗುವಿಗಾಗಿ ಅಳುತ್ತಾ ಬೇಡಿದ ಹನ್ನಳ ತುಟಿ ಮಾತ್ರ ಅಲುಗಾಡುತ್ತಿತ್ತು, ಧ್ವನಿ ಇರಲಿಲ್ಲ. ಯಾಜಕ ಏಲಿ ಅವಳನ್ನು ಕುಡಿದಿದ್ದಾಳೆ ಅಂದುಕೊಂಡ. ದೇವರು ಹಾಗೆ ಅಂದುಕೊಳ್ಳಲಿಲ್ಲ. ಏನು ಕೇಳಬೇಕೋ ಗೊತ್ತಾಗದಾಗ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಅಂತ ರೋಮಾಪುರ 8:26ರಲ್ಲಿ ಇದೆ. ಅಳಿ. "ಯೇಸುವೇ" ಅನ್ನಲು ಬಂದರೆ ಅನ್ನಿ, ಬರದಿದ್ದರೂ ಪರವಾಗಿಲ್ಲ.

ಮೊದಲು ಕೇಳಿದ ಸಹೋದರಿ, ಎರಡು ದಿನದ ನಂತರ:

ಅಯ್ಯನವರೇ, ಇವತ್ತು ಶಾಲೆಯಿಂದ ಫೋನ್ ಬಂತು. ಮಗ ಆಟದಲ್ಲಿ ಬಿದ್ದು ಕೈಗೆ ಪೆಟ್ಟಾಗಿದೆ ಅಂದರು. ಕೈ ನಡುಗುತ್ತಿತ್ತು. ಅಕ್ಕನ ನಂಬರ್ ತೆಗೆದೆ, ನಿಮ್ಮ ಮಾತು ನೆನಪಾಯಿತು. ಬಾಗಿಲಿಗೆ ಬೀಗ ಹಾಕುತ್ತಾ "ತಂದೆಯೇ, ಹೀಗಾಗಿದೆ" ಅಂದೆ. "ಜೊತೆಗಿರಿ" ಅನ್ನುವಷ್ಟರಲ್ಲಿ ಅಳು ಬಂತು, ಪೂರ್ತಿ ಹೇಳೋಕಾಗಲಿಲ್ಲ. ಆಮೇಲೆ ಅಕ್ಕನಿಗೂ ಫೋನ್ ಮಾಡಿದೆ, ಅವಳು ನೇರ ಆಸ್ಪತ್ರೆಗೆ ಬಂದಳು.

ಪಾಸ್ಟರ್:

ಈಗ ಮಗು ಹೇಗಿದ್ದಾನೆ? ಎಕ್ಸ್‌ರೇ ತೆಗೆದರಾ? ಇವತ್ತು ಸಂಜೆ ನಮ್ಮ ಮನೆ ಪ್ರಾರ್ಥನೆಯಲ್ಲಿ ನಿಮ್ಮ ಮಗನನ್ನು ನೆನೆಸುತ್ತೇವೆ. ಅಕ್ಕನಿಗೂ ನಮ್ಮ ವಂದನೆ ತಿಳಿಸಿ.