ಪೊರೆ ಆಪರೇಷನ್: ಮಲ್ಟಿಫೋಕಲ್ ಲೆನ್ಸ್ ಹಾಕಿಸೋದಾ, ಮಾಮೂಲಿ ಲೆನ್ಸೇ ಸಾಕಾ?

ಸಕಲೇಶಪುರ_ಕಾಫಿ:
ಅಪ್ಪನಿಗೆ 64 ವರ್ಷ, ಎರಡೂ ಕಣ್ಣಲ್ಲಿ ಪೊರೆ ಇದೆ. ಮಲ್ಟಿಫೋಕಲ್ ಹಾಕಿಸಿದರೆ ಕನ್ನಡಕದ ಗೋಜಿರಲ್ಲ, ಆದರೆ ದುಬಾರಿ ಅಂತ ಆಸ್ಪತ್ರೆಯಲ್ಲಿ ಹೇಳಿದರು. ಅಪ್ಪ ಬೆಳಗ್ಗೆ ಪೇಪರ್ ಓದಲೇಬೇಕು. ರಾತ್ರಿ ಶಿರಾಡಿ ಘಾಟಿಯಲ್ಲಿ ಜೀಪು ಓಡಿಸೋದೂ ಇದೆ. ಹತ್ತು ವರ್ಷದಿಂದ ಶುಗರ್. ಏನು ನೋಡಿ ತೀರ್ಮಾನ ಮಾಡಬೇಕು?

ಹಾಸನ_ಆಪ್ಟೋಮೆಟ್ರಿ:
ದುಡ್ಡಿನ ಮಾತು ಆಮೇಲೆ. ಮೊದಲು ರಾತ್ರಿ ಡ್ರೈವಿಂಗ್ ಬಗ್ಗೆ ಯೋಚಿಸಿ. ಮಲ್ಟಿಫೋಕಲ್ ಲೆನ್ಸಿನ ಮೇಲೆ ಸಣ್ಣ ಸಣ್ಣ ಉಂಗುರಗಳಿರುತ್ತವೆ. ಕಣ್ಣಿಗೆ ಬಂದ ಬೆಳಕನ್ನು ಅವು ದೂರಕ್ಕೆ, ಹತ್ತಿರಕ್ಕೆ (ಟ್ರೈಫೋಕಲ್ ಆದರೆ ನಡುವಿನ ದೂರಕ್ಕೂ) ಹಂಚುತ್ತವೆ. ಒಂದೊಂದು ದೂರಕ್ಕೂ ಸಿಗೋದು ಪಾಲು ಬೆಳಕು ಮಾತ್ರ, ಹಾಗಾಗಿ ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ ಕಾಣೋದು) ಕಡಿಮೆಯಾಗುತ್ತೆ. ಹಗಲಲ್ಲಿ ಇದು ಅಷ್ಟಾಗಿ ಗೊತ್ತಾಗಲ್ಲ. ಮಳೆ, ಮಂಜು, ಎದುರಿಂದ ಸಾಲಾಗಿ ಬರೋ ಲಾರಿ ಲೈಟು ಇರುವ ಶಿರಾಡಿಯಲ್ಲಿ ದೀಪದ ಸುತ್ತ ಬಳೆ ಬಳೆಯಾಗಿ ಕಂಡು ರಸ್ತೆಯ ಅಂಚು ಮಸುಕಾಗಬಹುದು. ಮೂರರಿಂದ ಆರು ತಿಂಗಳಲ್ಲಿ ಹೆಚ್ಚಿನವರ ಮೆದುಳು ಹೊಂದಿಕೊಳ್ಳುತ್ತೆ, ಕೆಲವರಿಗೆ ಆ ಬಳೆ ಹೋಗುವುದೇ ಇಲ್ಲ. ರಾತ್ರಿ ಘಾಟಿ ಇಳಿಯೋರಿಗೆ ನಾನಂತೂ ಮಲ್ಟಿಫೋಕಲ್ ಹಾಕಿಸಿ ಅನ್ನಲ್ಲ.

ಮಲೆನಾಡು_ನೇತ್ರ:
ಶುಗರ್ ವಿಷಯ ಇನ್ನೂ ಮುಖ್ಯ. ಲೆನ್ಸ್ ಆರಿಸೋ ಮುಂಚೆ ಹನಿ ಹಾಕಿ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಪರೀಕ್ಷೆ, ಜೊತೆಗೆ ಅದರ ನಡುಭಾಗವಾದ ಮ್ಯಾಕುಲಾದ ಒಸಿಟಿ ಸ್ಕ್ಯಾನ್ (ಪದರ ಪದರವಾಗಿ ತೋರಿಸೋದು) ಮಾಡಿಸಿ. ಮ್ಯಾಕುಲಾದಲ್ಲಿ ಊತ ಇದ್ದರೆ, ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ಕಾಯಿಲೆ) ಮುಂದುವರಿದಿದ್ದರೆ ಮಲ್ಟಿಫೋಕಲ್ ಬೇಡ. ಕಾಂಟ್ರಾಸ್ಟ್ ಆಗಲೇ ಕುಗ್ಗಿರೋ ಕಣ್ಣಲ್ಲಿ ಅದನ್ನು ಇನ್ನಷ್ಟು ಕುಗ್ಗಿಸಿದ ಹಾಗಾಗುತ್ತೆ.

ಕಾರ್ನಿಯಾ ಟೊಪೋಗ್ರಫಿಯೂ (ಕಣ್ಣಿನ ಮುಂದಿನ ಪಾರದರ್ಶಕ ಪದರದ ಆಕಾರ ಅಳೆಯೋದು) ಆಗಬೇಕು. ಆಪರೇಷನ್ ಆದಮೇಲೆ 0.75ಕ್ಕಿಂತ ಜಾಸ್ತಿ ಸಿಲಿಂಡರ್ ಪವರ್ (ಕಾರ್ನಿಯಾದ ಓರೆಕೋರೆಯಿಂದ ಬರೋ ಪವರ್) ಉಳಿದರೆ ಮಲ್ಟಿಫೋಕಲ್‌ನಲ್ಲಿ ದೂರವೂ ಸರಿಯಿಲ್ಲ, ಹತ್ತಿರವೂ ಸರಿಯಿಲ್ಲ. ಅಂಥವರಿಗೆ ಆ ಪವರನ್ನೂ ಸರಿಪಡಿಸೋ ಟೋರಿಕ್ ಲೆನ್ಸ್ ಇದೆ. ಕಣ್ಣು ಒಣಗೋ ತೊಂದರೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಅಳತೆ. ಒಣ ಕಣ್ಣಲ್ಲಿ ತೆಗೆದ ಅಳತೆಯಿಂದ ಲೆನ್ಸ್ ಪವರ್ ಲೆಕ್ಕವೇ ತಪ್ಪುತ್ತೆ.

ಅಪ್ಪ ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ತಿದ್ದರೆ ಸರ್ಜನ್‌ಗೆ ಈಗಲೇ ಹೇಳಿ. ಯಾವ ಲೆನ್ಸ್ ಹಾಕಿದರೂ ಇದು ಮುಖ್ಯ, ಆಪರೇಷನ್ ವೇಳೆ ಐರಿಸ್ (ಕಣ್ಣಿನ ಬಣ್ಣದ ಭಾಗ) ಸಡಿಲವಾಗಿ ಅಡ್ಡ ಬರಬಹುದು. ನೀವಾಗೇ ಮಾತ್ರೆ ನಿಲ್ಲಿಸಬೇಡಿ.

ಸಕಲೇಶಪುರ_ಕಾಫಿ:
ಮಾಮೂಲಿ ಲೆನ್ಸ್ ಆದರೆ ಪೇಪರ್ ಓದೋದು ಹೇಗೆ?

ಹಾಸನ_ಆಪ್ಟೋಮೆಟ್ರಿ:
ಎರಡೂ ಕಣ್ಣಿಗೆ ದೂರದ ಮೊನೋಫೋಕಲ್ (ಒಂದೇ ದೂರಕ್ಕೆ ಹೊಂದಿಸಿದ ಮಾಮೂಲಿ ಲೆನ್ಸ್) ಹಾಕಿಸಿ, ಓದೋಕೆ +2.5ರ ಆಸುಪಾಸಿನ ಕನ್ನಡಕ. ರಾತ್ರಿ ರಸ್ತೆಗೆ ಇದೇ ಅತ್ಯಂತ ಸ್ಪಷ್ಟ. ಇನ್ನೊಂದು ದಾರಿ ಮಿನಿ ಮೊನೋವಿಷನ್: ಮುಖ್ಯ ಕಣ್ಣು ದೂರಕ್ಕೆ, ಇನ್ನೊಂದರಲ್ಲಿ ಬೇಕಂತಲೇ −1.25 ಪವರ್ ಉಳಿಸೋದು. ಆ ಕಣ್ಣಿಗೆ 80 ಸೆಂ.ಮೀ. ದೂರ ಚೆನ್ನಾಗಿ ಕಾಣುತ್ತೆ. ಜೀಪಿನ ಮೀಟರು, ಕಂಪ್ಯೂಟರ್ ಪರವಾಗಿಲ್ಲ, ಪೇಪರಿನ ಸಣ್ಣ ಅಕ್ಷರಕ್ಕೆ ಕನ್ನಡಕ ಬೇಕಾಗುತ್ತೆ. ಇಡಾಫ್ ಲೆನ್ಸಿನಲ್ಲೂ (ಸ್ಪಷ್ಟ ಕಾಣೋ ದೂರದ ವ್ಯಾಪ್ತಿ ಹಿಗ್ಗಿಸೋ ಲೆನ್ಸ್) ನಡುವಿನ ದೂರ ಚೆನ್ನಾಗಿರುತ್ತೆ, ಬಳೆ ಕಡಿಮೆ, ಹತ್ತಿರದ ಓದು ಮಾತ್ರ ಅರ್ಧಂಬರ್ಧ.

ಇನ್ಶೂರೆನ್ಸ್ ಇದ್ದರೆ ಮೊನೋಫೋಕಲ್ ಮೇಲಿನ ಹೆಚ್ಚುವರಿ ಖರ್ಚು ಕೊಡ್ತಾರಾ ಅಂತ ಬರಹದಲ್ಲಿ ಕೇಳಿ ಇಟ್ಕೊಳ್ಳಿ.

ಮಲೆನಾಡು_ನೇತ್ರ:
ಇಷ್ಟಾದರೂ ಅಪ್ಪನಿಗೆ ಮಲ್ಟಿಫೋಕಲ್ಲೇ ಬೇಕೆನಿಸಿದರೆ ಒಂದು ಕಣ್ಣಿಗೆ ಮಾತ್ರ ಹಾಕಿಸಿ, ಕೆಲವು ವಾರ ರಾತ್ರಿ ನೋಟ ಹೇಗಿದೆ ನೋಡಿ ಇನ್ನೊಂದರ ಬಗ್ಗೆ ಮಾತಾಡಿ. ಮಸುಕು ಅಂದ ತಕ್ಷಣ ಯಾಗ್ ಲೇಸರ್‌ಗೆ (ಲೆನ್ಸಿನ ಹಿಂದೆ ಮಸುಕಾದ ತೆಳು ಪೊರೆಯಲ್ಲಿ ತೂತು ಮಾಡೋ ಲೇಸರ್) ಒಪ್ಪಬೇಡಿ. ಕಾರಣ ಲೆನ್ಸೋ, ಅದರ ಹಿಂದಿನ ಆ ಪೊರೆಯೋ, ಉಳಿದ ಪವರೋ ಅಂತ ಮೊದಲು ಖಚಿತವಾಗಲಿ. ಲೇಸರ್‌ನಿಂದ ಹಿಂದಿನ ಪೊರೆ ತೂತಾದಮೇಲೆ ಲೆನ್ಸ್ ಬದಲಿಸೋದು ತುಂಬಾ ಕಷ್ಟ.